ಐದು ದಿನದ ಬಾಟ್ಲಿ

ನಮ್ಮೂರ ಕಡೆ ಮುಚ್ಚಳ ತೆಗೆದ ಬಾಟ್ಲಿಗೆ ನಾಳೆ ಅನ್ನೋದೇ ಇರಲ್ಲ. ಸಾರಾಯಿ ಪ್ಯಾಕೆಟ್ಟಿನ ಕಾಲದಲ್ಲಂತೂ ಮೂಲೆ ಕಚ್ಚಿ ಹರಿದು, ಗಂಟಲಿಗೆ ಸುರ್ಕೊಂಡು, ಒಂಚೂರು ಉಪ್ಪಿನಕಾಯಿ ನೆಕ್ಕಿದರೆ ಮುಗೀತು. ರುಚಿ ನೋಡೋಕೆ ಅಂತ ಯಾರೂ ಕುಡೀತಿರಲಿಲ್ಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲಿ ಅಂತ ವೈನ್ ನೀತಿಯನ್ನೂ ತಂದಿತು. ನನ್ನ ಸೋದರಮಾವ ಅಷ್ಟರಲ್ಲಾಗಲೇ ತೀರಿಕೊಂಡಿದ್ದ.

ದೊಡ್ಡಬಳ್ಳಾಪುರದ ಕಡೆಯವನಾದ ನನಗೆ ದ್ರಾಕ್ಷಿ ಹೊಸದಲ್ಲ. ಅಪ್ಪ ಬೆಳೆಯೋದು ಬೆಂಗಳೂರು ಬ್ಲೂ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ, ಬೀಜ ಇರೋ, ದಪ್ಪ ಸಿಪ್ಪೆಯ ಹಣ್ಣು. ನಾನು ತಂದ ವೈನು ಅದರದ್ದಲ್ಲ. ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಅನ್ನೋ ಫ್ರಾನ್ಸ್ ಮೂಲದ ತಳಿಗಳದ್ದು. ನಮ್ಮ ತಾಲೂಕಿನಲ್ಲೇ, ನಂದಿ ಬೆಟ್ಟದ ತಪ್ಪಲಲ್ಲಿ, ಗ್ರೋವರ್‌ನವರು ಈ ತಳಿಗಳನ್ನ ಬೆಳೆಸ್ತಾರೆ. ಬಹಳ ದಿನ ಇಟ್ಟು ಮಾಗಿಸದ ಹೊಸ ವೈನು, ಬೆಲೆ ಸಾವಿರದೊಳಗೆ.

ಆ ವಾರ ಕಡಲೆಕಾಯಿ ಪರಿಷೆ ನೋಡೋಕೆ ಅಮ್ಮ ಬಸವನಗುಡಿಯ ನಮ್ಮ ಬಾಡಿಗೆ ಮನೆಗೆ ಬಂದಿದ್ದಳು. ಕದ್ದು ಕುಡಿಯೋದಕ್ಕಿಂತ ಎದುರಿಗೇ ಇಡೋದು ವಾಸಿ ಅನ್ನಿಸಿತು. 750 ಎಂಎಲ್, ದಿನಕ್ಕೆ 150, ಐದು ದಿನ. ಅದೂ ಊಟದ ಜೊತೆ ಮಾತ್ರ. ಲೆಕ್ಕ ಹೇಳಿದೆ. ಅಮ್ಮ ಮಾತಾಡಲಿಲ್ಲ.

ಮೊದಲ ದಿನ ಮುದ್ದೆ, ಬಸ್ಸಾರು. ಬರೀ ಒಗರು! ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತಲ್ಲ, ಹಾಗೆ. ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರೋ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿ ಹಾಗೆ ಒಣಗುತ್ತೆ. ಅದರ ಮೇಲೆ ಸಾರಿನ ಖಾರ ಬೇರೆ. ಖಾರ ಇದ್ದರೆ ಆಲ್ಕೋಹಾಲಿನ ಉರಿ, ಒಗರು ಎರಡೂ ಹೆಚ್ಚಾಗಿ ಗೊತ್ತಾಗುತ್ತೆ. ಮುಚ್ಚಳ ಬಿಗಿಮಾಡಿ ಫ್ರಿಜ್ಜಿನಲ್ಲಿಟ್ಟೆ.

ಎರಡನೇ ದಿನ ಅಡುಗೆಮನೆಗೆ ಹೋದರೆ ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದು ನಿಂತಿದ್ದಳು. ಬಾಟ್ಲಿ ಎತ್ತಿ, ಬೆಳಕಿಗೆ ಹಿಡಿದು, ಎಷ್ಟಿದೆ ಅಂತ ನೋಡ್ತಿದ್ದಳು. "ಇನ್ನೂ ಐತಲ್ಲೋ" ಅಂದಳು. ಅನುಮಾನವೋ ಆಶ್ಚರ್ಯವೋ ಗೊತ್ತಾಗಲಿಲ್ಲ. ಪರಿಷೆಯಿಂದ ತಂದ ಹಸಿ ಕಡಲೆಕಾಯಿನ ಉಪ್ಪು ಹಾಕಿ ಬೇಯಿಸಿದ್ದಳು. ಅದರ ಜೊತೆ ವೈನಿನ ಒರಟುತನ ಅರ್ಧ ಇಳಿದಿತ್ತು. ಉಪ್ಪು, ಕೊಬ್ಬು, ಪ್ರೋಟೀನು ಮೂರೂ ಒಂದೇ ಕಾಯಲ್ಲಿ. ರಾತ್ರಿಯೆಲ್ಲ ಸೋಕಿದ ಗಾಳಿಯೂ ಸ್ವಲ್ಪ ಕೆಲಸ ಮಾಡಿತ್ತು.

ಮೂರನೇ ದಿನವೇ ಹಬ್ಬ. ಅಕ್ಕಿ ರೊಟ್ಟಿ, ಕಡಲೆಕಾಯಿಬೀಜ ಅರೆದು ಹಾಕಿದ ಬದನೆಕಾಯಿ ಎಣ್ಣೆಗಾಯಿ. ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟಿದ್ದೆ. ಮೊದಲ ದಿನ ಒಗರಿನಡಿ ಅಡಗಿದ್ದ ಹಣ್ಣಿನ ವಾಸನೆ, ಮೆಣಸಿನ ಘಮ ಈಗ ಮೇಲೆ ಬಂದಿತ್ತು. ಅವತ್ತೇ ಅಪ್ಪನ ಫೋನು. ಒಂದು ಬಾಟ್ಲಿಗೆ ಸುಮಾರು ಒಂದೂಕಾಲು ಕೆಜಿ ಹಣ್ಣು ಬೇಕು ಅಂದೆ. "ಸಾವಿರದಾಗೆ ಬೆಳೆದೋನಿಗೆ ಎಷ್ಟು ಕೊಡ್ತಾರಂತೆ?" ಅಂದ್ರು. ಎಷ್ಟೇ ರುಚಿಯ ಮಾತಾಡಿದರೂ ರೈತನ ಮೊದಲ ಪ್ರಶ್ನೆ ಅದೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕನೇ ದಿನ ಅನ್ನ, ಹುಳಿ, ಮೇಲೆ ತುಪ್ಪ. ವೈನು ಮೆತ್ತಗಾಗಿತ್ತು, ಪರವಾಗಿಲ್ಲ ಅನ್ನೋ ಹಾಗೆ. ಕೊನೆಗೆ ಮೊಸರನ್ನ ತಿಂದು ಒಂದು ಗುಟುಕು ಕುಡಿದೆ. ಯಾರಿಗೂ ಬೇಡ ಆ ಜೋಡಿ!

ಐದನೇ ದಿನ ಅಮ್ಮನೇ ಬಾಟ್ಲಿ ಮೂಸಿದಳು. "ಹುಳಿ ತಿರುಗೈತೆ" ಅಂದಳು. ಹೌದು. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನ ಅಸಿಟಿಕ್ ಆಮ್ಲ ಮಾಡುತ್ತೆ, ಅಂದರೆ ವಿನೆಗರ್. ದೋಸೆಹಿಟ್ಟು ನೋಡಿಕೊಂಡೇ ಬಂದ ಮೂಗಿಗೆ ಇದನ್ನ ಹೇಳಿಕೊಡಬೇಕಾಗಿರಲಿಲ್ಲ. ಉಳಿದಿದ್ದನ್ನ ಸಿಂಕಿಗೆ ಸುರಿದೆ.

ನಿಧಾನಕ್ಕೆ ಕುಡಿದರೆ ಒಳ್ಳೇದು ಅಂತ ನಾನು ಹೇಳ್ತಿಲ್ಲ; ಶೇಕಡಾ 13ರ ಆಲ್ಕೋಹಾಲು ನಿಧಾನಕ್ಕೂ ಆಲ್ಕೋಹಾಲೇ. ಊಟದ ಜೊತೆ ದಿನಕ್ಕೊಂದು ರುಚಿ ತೋರಿಸಿ, ಕೊನೆಗೆ ಕೆಟ್ಟೂ ಹೋಗುವ ಈ ಪದಾರ್ಥ ನನಗೆ ಹುಳಿ, ಹಿಟ್ಟಿನ ಸಾಲಿಗೇ ಸೇರಿದ್ದು ಅನ್ನಿಸಿತು. ಅಮ್ಮನಿಗೆ ಏನನ್ನಿಸಿತೋ. ಸಿಂಕಿಗೆ ಸುರಿಯೋದನ್ನ ಕೊನೇ ಹನಿವರೆಗೂ ನೋಡಿದಳು. ಆಮೇಲೆ, "ನಿಮ್ಮ ಮಾವ ಒಂದಿನ ಆದ್ರೂ ಹಿಂಗೆ ಚೆಲ್ಲಿದ್ದಿದ್ರೆ…" ಅಂದು, ಪಾತ್ರೆ ತೊಳೆಯೋಕೆ ನಿಂತಳು.