ಪ್ಲಾಟ್‌ಫಾರಂನ ತಾಂಬರಂ ತುದಿ

ಕ್ರೋಂ ಚರ್ಮದ ಕಾರ್ಖಾನೆಯೊಂದು ಹೆಸರು ಕೊಟ್ಟುಹೋದ ಊರು ಚೆನ್ನೈನ ನಮ್ಮ ಕ್ರೋಂಪೇಟೆ. ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಆದರೂ ನನ್ನ ಹರೆಯದಲ್ಲಿ ಮರೆಯಲ್ಲಿ ನಿಂತು ಒಂದು ಸಿಗರೇಟು ಹಚ್ಚಿದರೆ ದೀಪ ಹಚ್ಚುವ ಹೊತ್ತಿಗೆ ಸುದ್ದಿ ಮನೆಯಲ್ಲಿರುತ್ತಿತ್ತು. ಪಕ್ಕದ ಮಾಮಿ ಅಮ್ಮನಿಗೆ ಹೇಳಿ, ಅಮ್ಮ ಅಪ್ಪನಿಗೆ ಮುಟ್ಟಿಸುವಷ್ಟರಲ್ಲಿ ಒಂದು ಸಿಗರೇಟು ಒಂದು ಪ್ಯಾಕಾಗಿರುತ್ತಿತ್ತು.

ಹಿರಿಯರ ಕಣ್ಣು ಬೀಳದ ಜಾಗವೆಂದರೆ ರೈಲ್ವೆ ಪ್ಲಾಟ್‌ಫಾರಂನ ತಾಂಬರಂ ಕಡೆಯ ತುದಿ. ಆಫೀಸಿನಿಂದ ಬರುವ ಅಪ್ಪಂದಿರು ಮೆಟ್ಟಿಲ ಹತ್ತಿರವೇ ಇಳಿದು ಮನೆಗೆ ಓಡುವವರು. ತುದಿಯ ತನಕ ಯಾರು ಬಂದಾರು? ಅಲ್ಲಿ ಕೂತು, 1931ರಿಂದ ಓಡುತ್ತಿರುವ ಬೀಚ್–ತಾಂಬರಂ ಎಲೆಕ್ಟ್ರಿಕ್ ಟ್ರೇನುಗಳನ್ನು ಒಂದೊಂದಾಗಿ ಬಿಡುತ್ತಾ, ನಾವು ಸಿನಿಮಾ, ಸರ್ಕಾರ, ಎದುರು ಬೀದಿಯ ಹುಡುಗಿ, ಎಲ್ಲದರ ಬಗ್ಗೆಯೂ ತೀರ್ಪು ಕೊಟ್ಟಿದ್ದೇವೆ. ಆಡಿದ ಒಂದು ಮಾತನ್ನೂ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಟ್ರೇನಿನ ಸದ್ದಿನಲ್ಲಿ ಅರ್ಧ ನಮಗೇ ಕೇಳಿಸಲಿಲ್ಲ.

ಅಕ್ಕನ ಮಗನಿಗೆ ಅಂಥ ತುದಿ ಸಿಕ್ಕಿದ್ದು ಆರ್ಕುಟ್‌ನಲ್ಲಿ. ಅದು 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕುವ ಎಷ್ಟೋ ಮೊದಲೇ ಅವನು ಗಂಟುಮೂಟೆ ಕಟ್ಟಿಕೊಂಡು ಫೇಸ್‌ಬುಕ್‌ಗೆ ಬಂದ. ಹಿಂದೆಯೇ ನಮ್ಮ ಭಾವನೂ ಬಂದರು. ಹುಡುಗ ಗೆಳೆಯರ ಜೊತೆ ಮಹಾಬಲಿಪುರಕ್ಕೆ ಹೋದ ಫೋಟೊ ಹಾಕಿದ. ಕೆಳಗೆ ಭಾವನ ಕಾಮೆಂಟು: ‘ಕೆಂಪು ಶರ್ಟಿನವನು ಯಾರು? ಹೆಲ್ಮೆಟ್ ಎಲ್ಲಿ? ಅಮ್ಮ ಸಾರಿಗೆ ಒಗ್ಗರಣೆ ಹಾಕ್ತಿದಾಳೆ, ಬೇಗ ಬಾ.’ ಅದರ ಕೆಳಗೆ ಗೆಳೆಯರೆಲ್ಲರ ಹಲ್ಲು. ಹುಡುಗ ವಾಟ್ಸಾಪ್‌ಗೆ ಓಡಿದ. ಭಾವ ಅಲ್ಲಿ ಕುಟುಂಬದ ಗ್ರೂಪು ಕಟ್ಟಿ ಬೆಳಗಿನ ಐದೂವರೆಗೇ ಗುಲಾಬಿ ಹೂವಿನ ಶುಭೋದಯ ಶುರುಮಾಡಿದರು. 2018ರಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಫಾರ್ವರ್ಡು ಎಂದು ಮೂಗುದಾರ ಹಾಕಿದಾಗ ಭಾವ ಹಿಂಜರಿಯಲಿಲ್ಲ. ಐದೈದರ ಕಂತಿನಲ್ಲಿ ಕಳಿಸಿದರು.

ಅವನ ತಂಗಿ ಪುಟ್ಟಿ ಜಾಣೆ. ಇನ್‌ಸ್ಟಾಗ್ರಾಂನಲ್ಲಿ ಎರಡು ಖಾತೆ ಇಟ್ಟಿದ್ದಾಳೆ. ಒಂದರಲ್ಲಿ ಮಾರ್ಗಳಿ ತಿಂಗಳ ರಂಗೋಲಿ, ಕುಮರನ್ ಕುಂಡ್ರಂ ದೇವಸ್ಥಾನ, ಅಜ್ಜಿಯ ಹುಟ್ಟುಹಬ್ಬ. ಇನ್ನೊಂದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ‘ಮಾಮಾ, ಅಪ್ಪನಿಗೆ ಮಾತ್ರ ಹೇಳಬೇಡ’ ಅಂದಿದ್ದಾಳೆ. ಹೇಳಿಲ್ಲ.

ಇದೆಲ್ಲ ಕಾಲಹರಣ ಎಂದು ಮೂಗು ಮುರಿಯುವವರು 2015ರ ಡಿಸೆಂಬರ್ ಮಳೆಯನ್ನು ನೆನೆಸಿಕೊಳ್ಳಬೇಕು. ಡಿಸೆಂಬರ್ 2ರಂದು ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿಯೇ ಅಚ್ಚಾಗಲಿಲ್ಲ. ನಮ್ಮ ಜಿಎಸ್‌ಟಿ ರಸ್ತೆಯಲ್ಲೇ ಮುಂದಕ್ಕಿರುವ ಮರೈಮಲೈನಗರದ ಮುದ್ರಣಾಲಯಕ್ಕೆ ಕೆಲಸದವರಿಗೆ ಹೋಗಲಾಗಲಿಲ್ಲ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಪೇಪರಿಗೆ ಕಾಯುತ್ತಿದ್ದ ಭಾವ ಅನಾಥರಂತೆ ಕಂಡರು. ಕರೆಂಟಿಲ್ಲ. ಪುಟ್ಟಿ ಮಾತ್ರ ಮೂಲೆ ಒಡೆದ ಫೋನನ್ನು ಮಹಡಿಯ ಗೋಡೆಯ ಮೇಲೆ, ಸಿಗ್ನಲ್ ಸಿಗುವ ಒಂದೇ ಒಂದು ಇಟ್ಟಿಗೆಯ ಮೇಲೆ ನಿಲ್ಲಿಸಿ, ಮುಡಿಚೂರಿನಲ್ಲಿ ಯಾರಿಗೆ ದೋಣಿ ಬೇಕು, ಎಲ್ಲಿ ಊಟದ ಪೊಟ್ಟಣ ಇದೆ, ಯಾರ ಮನೆಯಲ್ಲಿ ಕೈಗೂಸಿದೆ ಎಂದು ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮತ್ತೆ ಅದನ್ನೇ ಟೈಪು ಮಾಡಿ ಕಳಿಸುತ್ತಿದ್ದಳು. ಮುಖ ನೋಡದವರು ಮುಖ ನೋಡದವರಿಗೆ ಹಾಲು ತಲುಪಿಸಿದರು. ನಮ್ಮ ಪ್ಲಾಟ್‌ಫಾರಂ ಮಂಡಳಿಯಿಂದ ಇಂಥದ್ದೊಂದು ಆಗಲಿಲ್ಲ.

ಆದರೆ ನಮಗೆ ಕಡೇ ಟ್ರೇನು ಅಂತ ಒಂದಿತ್ತು. ಅದು ಹೋದಮೇಲೆ ಏಳಲೇಬೇಕು. ರೀಲ್ಸಿಗೆ ಕಡೇ ಟ್ರೇನಿಲ್ಲ. ರಾತ್ರಿ ಎರಡಕ್ಕೆ ಎದ್ದರೂ ಪುಟ್ಟಿಯ ಕೋಣೆಯ ಬಾಗಿಲ ಕೆಳಗೆ ನೀಲಿ ಬೆಳಕು. ಒಮ್ಮೆ ಅವಳು ಹಾಡಿ ಹಾಕಿದ ರೀಲಿಗೆ ಯಾರೋ ಅವಳ ಬಣ್ಣದ ಬಗ್ಗೆ ಒಂದೇ ಪದ ಬರೆದ. ಅವಳು ರೀಲು ಅಳಿಸಿದಳು, ರಾತ್ರಿ ಊಟಕ್ಕೆ ಬರಲಿಲ್ಲ. ನಮ್ಮಲ್ಲೂ ಬಾಯಿಹರುಕರಿದ್ದರು. ಆದರೆ ಹಾಗಂದವನು ಎದುರಿಗೇ ಕೂತಿರಬೇಕಿತ್ತು, ಬೈಸಿಕೊಳ್ಳಬೇಕಿತ್ತು, ಮಾರನೇ ದಿನದ ಟೀ ದುಡ್ಡು ಅವನೇ ಕೊಡಬೇಕಿತ್ತು. ಇವನಿಗೆ ಮುಖವೇ ಇಲ್ಲ. ಪ್ರೊಫೈಲಿನಲ್ಲಿ ಒಂದು ಸಿಂಹವಿತ್ತು.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನ ಮಕ್ಕಳು ಇಂಥ ಕಡೆ ಖಾತೆ ಇಡುವಂತಿಲ್ಲ. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಅಂದರೆ ಭಾವನಿಂದ ತಪ್ಪಿಸಿಕೊಳ್ಳಲು ಭಾವನ ಅಪ್ಪಣೆ! ಕಾನೂನು ಸಿಂಹದ ಮುಖವಾಡದವನನ್ನು ಹಿಡಿಯಲಿ, ನಿದ್ದೆ ಕೆಡಿಸುವ ಕಂಪನಿಯ ಕಿವಿ ಹಿಂಡಲಿ, ನನ್ನ ತಕರಾರಿಲ್ಲ. ಮಕ್ಕಳಿಂದ ಆ ತುದಿಯನ್ನೇ ಕಿತ್ತುಕೊಂಡರೆ ಅವರು ಎಲ್ಲಿ ಕೂರಬೇಕು? ಈಗ ಪ್ಲಾಟ್‌ಫಾರಂನಲ್ಲಿ ಸುಮ್ಮನೆ ಕೂತರೆ ಟಿಕೆಟ್ ಕೇಳುತ್ತಾರೆ.

ಓದುಗರಲ್ಲಿ ಐವತ್ತು ದಾಟಿದವರಿದ್ದರೆ ಒಂದು ವಿನಂತಿ. ಮನೆಯ ಹುಡುಗಿ ಊಟಕ್ಕೆ ಬರದಿದ್ದರೆ ಬಾಗಿಲು ತಟ್ಟಿ, ತಟ್ಟೆ ಒಳಗೇ ಒಯ್ದುಕೊಡಿ. ಅವಳ ಎರಡನೇ ಖಾತೆಯನ್ನು ಹುಡುಕಬೇಡಿ. ಮೊದಲನೆಯದರಲ್ಲಿ ರಂಗೋಲಿ ಕಂಡರೆ ಒಂದು ಲೈಕ್ ಒತ್ತಿ ಸುಮ್ಮನಿರಿ. ಕೆಂಪು ಶರ್ಟಿನವನು ಯಾರೆಂದು ಮಾತ್ರ ಕೇಳಬೇಡಿ.