ಕುಂಚಾವರಂ ಗುಡ್ಡದಲ್ಲಿ ಒಂದು ದಿನದ ಏಕಾಂತ

ಶರಣರ ವಿಚಾರಧಾರೆಯಲ್ಲಿ ಜಂಗಮವೆಂಬ ಪದಕ್ಕೆ ಹಿರಿದಾದ ಅರ್ಥವಿದೆ. ಚಲಿಸುವುದೆಲ್ಲವೂ ಜಂಗಮವೆನಿಸಿಕೊಳ್ಳುವುದಿಲ್ಲ. ಚಲಿಸುತ್ತ ಅರಿವನ್ನು ಪಡೆದಾಗ ಮಾತ್ರ ಆ ಚಲನೆಗೆ ಸಾರ್ಥಕತೆ ಒದಗುತ್ತದೆ. ಇಂದು ಮನೆಮನೆಗೂ ವಾಹನಗಳಿವೆ, ರಸ್ತೆಗಳು ಸುಧಾರಿಸಿವೆ. ಆದರೆ ಹೋದವನು ಏನನ್ನು ಕಂಡು ಬಂದನೆಂದು ಕೇಳಿದರೆ ಉತ್ತರ ಸಿಗುವುದು ವಿರಳ. ಈ ದೃಷ್ಟಿಯಿಂದ ನಮ್ಮ ಸೀಮೆಯ ಯುವಕನೊಬ್ಬನು ಕುಂಚಾವರಂ ಗುಡ್ಡಗಳಿಗೆ ಒಂಟಿಯಾಗಿ ಹೋಗಿಬಂದ ಪ್ರಸಂಗವು ಭಕ್ತಾದಿಗಳ ಚಿಂತನೆಗೆ ಯೋಗ್ಯವಾಗಿದೆ.

ಆತನು ಶಹಾಬಾದ ಭಾಗದವನು. ತಂದೆ ಲಿಂಗೈಕ್ಯರಾಗಿ ಒಂದು ವರ್ಷ ತುಂಬಿತ್ತು. ಕಲ್ಲಿನ ಗಣಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದ ಆ ಹಿರಿಯರನ್ನು ಕಾಗಿಣಾ ನದಿಯ ಸಮೀಪದ ಸ್ವಂತ ಹೊಲದಲ್ಲಿಯೇ ಸಮಾಧಿ ಮಾಡಲಾಗಿತ್ತು. ಅದೇ ಹೊಲದ ಹಂಚಿಕೆಯ ವಿಷಯವಾಗಿ ಅಣ್ಣತಮ್ಮಂದಿರಲ್ಲಿ ಮಾತು ನಿಂತುಹೋಗಿತ್ತು. ಮನೆಗೆ ಬಂದವರೆಲ್ಲರೂ ಬುದ್ಧಿವಾದ ಹೇಳುವವರೇ ಆಗಿದ್ದರು. ಒಂದು ದಿನವಾದರೂ ಯಾರ ಮಾತೂ ಕಿವಿಗೆ ಬೀಳದ ಸ್ಥಳದಲ್ಲಿ ಇರಬೇಕೆಂದು ಆತನು ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ಮೋಟಾರ್ ಸೈಕಲ್ ಏರಿ ಹೊರಟನು.

ಸೇಡಂ ದಾಟಿ, ಸುಲೇಪೇಟ ಮಾರ್ಗವಾಗಿ ಚಿಂಚೋಳಿಯನ್ನು ಸೇರುವವರೆಗೆ ಕಣ್ಣಿಗೆ ಕಾಣುವುದು ಬಯಲು. ಹಾಸುಗಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು, ಅನಂತರ ಕಪ್ಪು ಮಣ್ಣಿನಲ್ಲಿ ಹಳದಿ ಹೂ ಬಿಟ್ಟು ನಿಂತ ತೊಗರಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯು ಇದೇ ನೆಲದ ಬೆಳೆ. ಚಿಂಚೋಳಿಯನ್ನು ಬಿಟ್ಟು ಕುಂಚಾವರಂ ದಾರಿ ಹಿಡಿದೊಡನೆ ಮಣ್ಣು ಕೆಂಪಾಗುತ್ತದೆ, ರಸ್ತೆ ಏರುತ್ತದೆ, ಮರಗಳು ಒತ್ತಾಗುತ್ತವೆ. ಬಿಸಿಲುನಾಡೆಂದು ಹೆಸರಾದ ಜಿಲ್ಲೆಯಲ್ಲಿ ಇಂಥ ಕಾಡಿದೆಯೆಂದು ಹೊರಗಿನವರು ನಂಬುವುದಿಲ್ಲ. 2011ರಲ್ಲಿ ಇಲ್ಲಿಯ 134.88 ಚದರ ಕಿಲೋಮೀಟರ್ ಪ್ರದೇಶವನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ನರಿ, ಕೊಂಡಕುರಿಗಳಿಗೆ ಇದು ಆಶ್ರಯ. ತೇಗ, ಶ್ರೀಗಂಧ, ರಕ್ತಚಂದನಗಳೂ ಇಲ್ಲಿವೆ. ತೆಲಂಗಾಣದ ಗಡಿಗೆ ಹೊಂದಿರುವುದರಿಂದ ಊರುಗಳ ಹೆಸರಿನಲ್ಲಿಯೂ ಜನರ ಮಾತಿನಲ್ಲಿಯೂ ತೆಲುಗು ಬೆರೆತಿದೆ. ಇಲ್ಲಿಯ ಜಲಪಾತದ ಎತ್ತಿಪೋತ ಎಂಬ ಹೆಸರೂ ತೆಲುಗಿನದೇ. ಎತ್ತಿ ಸುರಿಯುವುದೆಂದು ಅದರ ಅರ್ಥ. ಬಕ್ಕಪ್ರಭುಗಳ ಸನ್ನಿಧಿಯಾದ ಗೊಟ್ಟಂಗೊಟ್ಟವು ಇದೇ ಕಾಡಿನ ನಡುವೆ ಇದೆ.

ಆತನು ಅರಣ್ಯ ಸಿಬ್ಬಂದಿಯ ಅನುಮತಿ ಪಡೆದು, ಒಂದು ತಾಂಡಾದ ಬದಿಗೆ ವಾಹನವನ್ನು ನಿಲ್ಲಿಸಿದನು. ಲಂಬಾಣಿ ವೃದ್ಧೆಯೊಬ್ಬಳು ಎಲ್ಲಿಗೆಂದು ಕೇಳಿದಳು. ‘ಸುಮ್ಮನೆ ಬಂದೀನವ್ವ’ ಎಂದನು. ಆಕೆ ಮತ್ತೇನೂ ಕೇಳದೆ ಬಾಟಲಿಗೆ ನೀರು ತುಂಬಿಕೊಟ್ಟು, ದನಗಳು ನಡೆದ ದಾರಿಯನ್ನು ಬಿಡಬಾರದೆಂದೂ ಹೊತ್ತು ಮುಳುಗುವ ಮೊದಲೇ ಇಳಿಯಬೇಕೆಂದೂ ಹೇಳಿ ತನ್ನ ಕೆಲಸಕ್ಕೆ ಹೋದಳು.

ವಾಹನದ ಮೇಲೆ ಕುಳಿತವನಿಗೆ ಊರುಗಳು ದಾಟುತ್ತವೆ. ನಡೆಯುವವನಿಗೆ ಮಾತ್ರ ನೆಲ ತಿಳಿಯುತ್ತದೆ. ಅರ್ಧ ತಾಸು ಏರುವಷ್ಟರಲ್ಲಿ ಮೊಬೈಲ್ ಸಂಕೇತ ನಿಂತಿತು. ಎಲೆಗಳ ಸಪ್ಪಳ, ತನ್ನದೇ ಉಸಿರು, ಇವೆರಡೇ ಉಳಿದವು. ಮನೆಯಲ್ಲಿ ಜನರ ನಡುವೆ ಬಾರದಿದ್ದ ಅಳು ಅಲ್ಲಿ ಬಂದಿತು. ಆತನು ತಡೆಯಲಿಲ್ಲ, ತಡೆಯುವ ಅಗತ್ಯವೂ ಅಲ್ಲಿರಲಿಲ್ಲ.

ಗುಡ್ಡದ ಮೇಲಿನಿಂದ ಚಂದ್ರಂಪಳ್ಳಿ ಜಲಾಶಯವು ಕಾಣಿಸಿತು. ಸುತ್ತಲೂ ಹಸಿರು ಗುಡ್ಡ, ನಡುವೆ ನಿಶ್ಚಲವಾದ ನೀರು. ನೋಡುತ್ತ ಕುಳಿತಾಗ ಆತನಿಗೆ ಹೊಳೆದ ವಿಷಯವು ಭೂಗೋಳದ ಸಾಮಾನ್ಯ ಸಂಗತಿ. ಈ ಕಣಿವೆಯ ನೀರು ಮುಲ್ಲಾಮಾರಿಯನ್ನು ಸೇರುತ್ತದೆ, ಮುಲ್ಲಾಮಾರಿ ಕಾಗಿಣೆಯನ್ನು ಸೇರುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಹಾಯ್ದು ಕಾಗಿಣೆಯು ಶಹಾಬಾದ ಸೀಮೆಯಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಕೃಷ್ಣೆಯಲ್ಲಿ ಬೆರೆತು, ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಬಯಸಿಹೋದ ಶ್ರೀಶೈಲದ ಬುಡವನ್ನು ಮುಟ್ಟುತ್ತದೆ. ಎಲ್ಲರಿಂದ ದೂರ ಬಂದೆನೆಂದು ತಿಳಿದವನು ತಂದೆಯ ಸಮಾಧಿಯ ಮಗ್ಗುಲಲ್ಲಿ ಹರಿಯುವ ನೀರಿನ ಮೂಲದಲ್ಲಿಯೇ ಕುಳಿತಿದ್ದನು. ತಾವು ಹಂಚಿಕೊಳ್ಳಲು ಜಗಳವಾಡುತ್ತಿರುವ ಹೊಲದ ಹಸಿಯೂ ಇಂಥ ಗುಡ್ಡಗಳು ಕೊಟ್ಟದ್ದೆಂಬ ವಿಚಾರವು ಆತನನ್ನು ಬಹಳ ಹೊತ್ತು ಕಾಡಿತು.

ಇಳಿದು ಬರುವಷ್ಟರಲ್ಲಿ ವಾಹನದ ಹಿಂದಿನ ಚಕ್ರದ ಗಾಳಿ ಹೋಗಿತ್ತು. ತಾಂಡಾದ ಇಬ್ಬರು ಹುಡುಗರು ಅದನ್ನು ರಸ್ತೆಯವರೆಗೆ ತಳ್ಳಿಕೊಂಡು ಬಂದು, ಗೂಡ್ಸ್ ವಾಹನವೊಂದನ್ನು ನಿಲ್ಲಿಸಿ ಹತ್ತಿಸಿಕೊಟ್ಟರು. ಕತ್ತಲಾಗಿತ್ತು. ವೃದ್ಧೆಯು ಬಾಗಿಲಲ್ಲಿ ನಿಂತು ಆತನು ಇಳಿದುಬಂದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಹೋದಳು.

ಇಲ್ಲಿ ನಾವು ಗ್ರಹಿಸಬೇಕಾದ ತತ್ತ್ವವೊಂದಿದೆ. ಏಕಾಂತವೆಂಬುದು ನಮ್ಮೊಬ್ಬರ ಸಂಪಾದನೆಯೆಂದು ತಿಳಿಯುತ್ತೇವೆ. ಆದರೆ ದಾರಿ ಮಾಡಿದ ದನಗಳು, ನೀರು ಕೊಟ್ಟ ಕೈ, ಕಾಡನ್ನು ಕಾಯುವ ಸಿಬ್ಬಂದಿ, ಇವರೆಲ್ಲರ ಕಾಯಕದ ಮೇಲೆ ಆ ಒಂದು ದಿನದ ಮೌನವು ನಿಂತಿತ್ತು. ಮೌನದಲ್ಲಿ ಕುಳಿತವನಿಗೆ ತನ್ನ ಋಣಗಳು ಕಾಣಿಸತೊಡಗಿದರೆ ಆ ಮೌನವು ಫಲಿಸಿತೆಂದೇ ಅರ್ಥ. ಮರುವಾರ ಆತನು ತಾನಾಗಿಯೇ ಅಣ್ಣನ ಮನೆಗೆ ಹೋದನು. ಹೊಲದ ಹಂಚಿಕೆ ಅಂದು ತೀರ್ಮಾನವಾಗಲಿಲ್ಲ. ಆದರೆ ತಂದೆಯ ಸಮಾಧಿಯ ಸುತ್ತಲಿನ ಜಾಗವನ್ನು ಯಾರ ಪಾಲಿಗೂ ಸೇರಿಸದೆ ಬಿಡಬೇಕೆಂಬ ಒಂದು ಮಾತಿಗೆ ಇಬ್ಬರೂ ಒಪ್ಪಿದರು. ವರ್ಷದ ನಂತರ ಅವರು ಒಟ್ಟಿಗೆ ಪ್ರಸಾದ ಸ್ವೀಕರಿಸಿದ್ದು ಅಂದೇ.

ಗೊಟ್ಟಂಗೊಟ್ಟಕ್ಕೂ ಚಂದ್ರಂಪಳ್ಳಿಗೂ ಹೋಗುವ ಶರಣ ಬಂಧುಗಳಲ್ಲಿ ಒಂದು ವಿನಂತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು, ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯಲ್ಲಿ ಒಣಗಿ ನಿಲ್ಲುವ ಈ ಕಾಡಿಗೆ ಒಂದು ಬೀಡಿಯ ಕಿಡಿಯೂ ಸಾಕು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರೋಣ, ಹಾರ್ನ್ ಬಾರಿಸದಿರೋಣ, ತಾಂಡಾದವರು ಹೇಳಿದ ಹೊತ್ತಿಗೆ ಕೆಳಗಿಳಿಯೋಣ. ನಾಳೆ ದುಃಖವನ್ನು ಹೊತ್ತು ಅಲ್ಲಿಗೆ ಬರುವ ಇನ್ನೊಬ್ಬನಿಗೂ ಆ ಮೌನ ಉಳಿದಿರಲಿ.