ಕೊಡಿ ಇಲ್ಲಿ, ನಾನು ಹಾಕ್ತೀನಿ

ಫೋನಿಗೆ ಕಾಲೇಜಿನ ಇಮೇಲ್ ಹಾಕಿಕೊಡಿ ಎಂದು ಯಾರಾದರೂ ಬಂದರೆ ನನ್ನ ಬಾಯಿಂದ ಮೊದಲು ಹೊರಡುವ ಮಾತು ‘ಕೊಡಿ ಇಲ್ಲಿ’. ಅಷ್ಟರಲ್ಲಿ ಕೈ ಚಾಚಿಯೂ ಆಗಿರುತ್ತದೆ. ಬಂದವರು ಮೇಜಿನ ಆಚೆ ನಿಂತು ಕಾಯುತ್ತಾರೆ. ಇನ್‌ಕಮಿಂಗ್ ಸರ್ವರ್, ಔಟ್‌ಗೋಯಿಂಗ್ ಸರ್ವರ್, ಪೋರ್ಟ್ 993, 465 ಎಂದು ಸರಸರ ತುಂಬಿ ಫೋನು ವಾಪಸು ಕೊಡುತ್ತೇನೆ. ‘ನಿಮಗೆ ಎಷ್ಟೆಲ್ಲ ಗೊತ್ತು ಮೇಡಂ’ ಅನ್ನುತ್ತಾರೆ. ಆ ಮಾತು ನನಗೆ ಬೇಕು. ಎಷ್ಟು ಬೇಕು, ಅದಕ್ಕಾಗಿ ಏನೇನು ಮಾಡುತ್ತೇನೆ ಎಂದು ಇತ್ತೀಚೆಗೆ ನೋಡಿಕೊಳ್ಳುತ್ತಿದ್ದೇನೆ.

ಮಲೆನಾಡಿನ ಒಂದು ಊರಿನ ಖಾಸಗಿ ಪದವಿ ಕಾಲೇಜಿನ ಕಚೇರಿಯಲ್ಲಿ ನನ್ನ ಕೆಲಸ. ಪ್ರವೇಶಾತಿ, ಶುಲ್ಕ, ವಿಶ್ವವಿದ್ಯಾಲಯದ ಪತ್ರವ್ಯವಹಾರ ನೋಡಿಕೊಳ್ಳಬೇಕು. ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ಹೇಗೋ ನನ್ನ ಕಡೆಗೇ ಬಂತು. ಕಾಲೇಜಿಗೆ ತನ್ನದೇ ಡೊಮೈನ್ ಇದೆ, ಮೇಲ್ ಮಾತ್ರ ಒಂದು ಸಣ್ಣ ಹೋಸ್ಟಿಂಗ್ ಕಂಪನಿಯ ಸರ್ವರಿನಲ್ಲಿದೆ. ಜಿಮೇಲ್ ಆದರೆ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸಾಕು, ಉಳಿದದ್ದು ಫೋನಿಗೇ ಗೊತ್ತಿರುತ್ತದೆ. ದೊಡ್ಡ ಕಂಪನಿಗಳ ಸರ್ವರ್ ವಿವರ ಮೇಲ್ ಆ್ಯಪುಗಳ ಒಳಗೇ ಇರುತ್ತದೆ. ನಮ್ಮಂಥ ಡೊಮೈನಿಗಾದರೆ ಆ ವಿವರವನ್ನು ಆ್ಯಪ್ ತಾನೇ ಹುಡುಕಿಕೊಳ್ಳುವಂತೆ ಯಾರೋ ಮೊದಲೇ ವ್ಯವಸ್ಥೆ ಮಾಡಿಟ್ಟಿರಬೇಕು. ನಮ್ಮಲ್ಲಿ ಮಾಡಿಲ್ಲ. ಹಾಗಾಗಿ ‘ಮ್ಯಾನುಯಲ್ ಸೆಟಪ್’ ಎಂಬ ಪರದೆ ಬರುತ್ತದೆ. ಉಪನ್ಯಾಸಕರು ಅಲ್ಲಿಗೆ ನಿಂತು ನನ್ನ ಬಳಿ ಬರುತ್ತಾರೆ.

ಆ ಪರದೆ ಕೇಳುವುದೆಲ್ಲ ಎಲ್ಲರಿಗೂ ಸಿಗುವ ಜಾಗದಲ್ಲೇ ಇದೆ. ಹೋಸ್ಟಿಂಗ್ ಕೊಂಡ ದಿನ ಕಂಪನಿ ಕಳಿಸಿದ ಮೊದಲ ಮೇಲ್‌ನಲ್ಲಿರುತ್ತದೆ. ಹೋಸ್ಟಿಂಗ್ ನಿರ್ವಹಿಸಲು ಸಿಪ್ಯಾನೆಲ್ ಇದ್ದರೆ, ಮೇಲ್ ಆ್ಯಪಿಗೆ ಬೇಕಾದ ವಿವರ ತೋರಿಸುವ ಪುಟವೇ ಬೇರೆ ಇದೆ. ಸುರಕ್ಷಿತ ಸೆಟ್ಟಿಂಗ್ ಒಂದು ಕಡೆ, ಬಳಸಬೇಡಿ ಎಂದು ಎಚ್ಚರಿಸಿದ್ದು ಇನ್ನೊಂದು ಕಡೆ. ಸಹೋದ್ಯೋಗಿಯ ಫೋನಿನಲ್ಲಿ ಅದೇ ಡೊಮೈನಿನ ಮೇಲ್ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿನ ಅಕೌಂಟ್ ಸೆಟ್ಟಿಂಗ್ ತೆರೆದು ನೋಡಿಕೊಳ್ಳಬಹುದು. ಡೊಮೈನಿನ ಎಂಎಕ್ಸ್ ದಾಖಲೆ ನೋಡಿದರೂ ಮೇಲ್ ಯಾರ ಮನೆಗೆ ಹೋಗುತ್ತಿದೆ ಎಂಬ ಸುಳಿವು ಸಾಮಾನ್ಯವಾಗಿ ಸಿಗುತ್ತದೆ. ಅಲ್ಲಿ ಗೂಗಲ್ ಹೆಸರು ಕಂಡರೆ ಹೊರಗೆ ವಿಳಾಸ ನಿಮ್ಮದೇ ಆದರೂ ಪೆಟ್ಟಿಗೆ ಗೂಗಲ್‌ನದು, ಸರ್ವರ್ ಕೂಡ ಅವರದೇ.

ಇಷ್ಟನ್ನು ವರ್ಷಗಟ್ಟಲೆ ನಾನು ಬಾಯಲ್ಲಿ ಹೇಳದೆ ಬೆರಳಲ್ಲಿ ಮಾತ್ರ ಮಾಡುತ್ತ ಬಂದೆ. ‘ಅದು ಸ್ವಲ್ಪ ಟೆಕ್ನಿಕಲ್’ ಅನ್ನುತ್ತಿದ್ದೆ. ಸಮಯ ಉಳಿಯಲಿ ಎಂದು ಹೀಗೆ ಅಂತ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿಜವಾಗಿ ನೋಡಿದರೆ, ಬೆಲ್ ಹೊಡೆಯುವ ಮುಂಚೆ ಒಬ್ಬ ಅಧ್ಯಾಪಕರು ಕಾಗದದಲ್ಲಿ ಆರು ಸಾಲು ಬರೆದುಕೊಳ್ಳುವಷ್ಟು ಸಮಯ ಯಾವಾಗಲೂ ಇತ್ತು.

ಇದನ್ನು ಯೋಚಿಸುವಾಗೆಲ್ಲ ನನಗೆ ಜಾನ್ ಪೋಸ್ಟೆಲ್ ನೆನಪಾಗುತ್ತಾರೆ. ಮೇಲ್ ಹೊರಗೆ ಹೋಗುವ ಕ್ರಮವನ್ನು, ಅಂದರೆ ಎಸ್‌ಎಂಟಿಪಿಯನ್ನು, 1982ರಲ್ಲಿ ಬರೆದಿಟ್ಟವರು ಅವರು. ಯಾವ ಸೇವೆಗೆ ಯಾವ ಪೋರ್ಟ್ ಸಂಖ್ಯೆ ಎಂಬ ಪಟ್ಟಿಯನ್ನು ಬಹುಕಾಲ ನೋಡಿಕೊಂಡವರೂ ಅವರೇ. 1998ರಲ್ಲಿ ತೀರಿಕೊಂಡರು. ಆ ಪಟ್ಟಿಯನ್ನು ಅವರು ಮತ್ತೆ ಮತ್ತೆ ಪ್ರಕಟಿಸಿದರು, ಯಾರು ಬೇಕಾದರೂ ಓದಬಹುದಿತ್ತು. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಐಮ್ಯಾಪ್‌ನ ವಿವರವೂ ಆಮೇಲೆ ಹಾಗೆಯೇ ಎಲ್ಲರಿಗೂ ಸಿಗುವಂತೆ ಪ್ರಕಟವಾಯಿತು. ಕಚೇರಿಯ ಕಂಪ್ಯೂಟರಿನಲ್ಲಿ ಓದಿದ ಮೇಲ್ ಫೋನಿನಲ್ಲೂ ಓದಿದ ಹಾಗೆ ಕಾಣುವುದು ಐಮ್ಯಾಪ್‌ನಿಂದ, ಮೇಲ್ ಸರ್ವರಿನಲ್ಲೇ ಉಳಿಯುವುದರಿಂದ. ಪಾಪ್ ಎಂಬ ಇನ್ನೊಂದು ಕ್ರಮವಾದರೆ ಮೇಲನ್ನು ಸಾಧನಕ್ಕೆ ಇಳಿಸಿಕೊಳ್ಳುತ್ತದೆ; ಸೆಟ್ಟಿಂಗ್ ನೋಡದೆ ಹಾಕಿದರೆ ಸರ್ವರಿನಿಂದ ಅಳಿಸಿಯೂ ಬಿಡಬಹುದು. ಜಗತ್ತಿನ ಪೋರ್ಟ್‌ಗಳ ಪಟ್ಟಿಯನ್ನೇ ಕೈಯಲ್ಲಿಟ್ಟುಕೊಂಡಿದ್ದವರು ಅದನ್ನು ಹಂಚಿದರು. ನಾನು ಅದರಲ್ಲಿನ ಒಂದೆರಡು ಸಂಖ್ಯೆಗಳನ್ನು ನನ್ನ ಸ್ವಂತ ಆಸ್ತಿಯಂತೆ ಕಾದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಪಾಸ್‌ವರ್ಡಿನ ವಿಷಯ. ಫೋನು ನನ್ನ ಕೈಯಲ್ಲಿದ್ದರೆ ಪಾಸ್‌ವರ್ಡನ್ನೂ ನಾನೇ ಒತ್ತಬೇಕಲ್ಲ. ‘ಪಾಸ್‌ವರ್ಡ್ ಹೇಳಿ ಸರ್’ ಅನ್ನುತ್ತೇನೆ. ಹಿರಿಯ ಉಪನ್ಯಾಸಕರೊಬ್ಬರು ಅತ್ತಿತ್ತ ನೋಡಿ, ಮೇಜಿನ ಮೇಲೆ ಬಾಗಿ, ಒಂದೊಂದೇ ಅಕ್ಷರ ಹೇಳಿದರು. ಮಗಳ ಹೆಸರು, ಅವಳು ಹುಟ್ಟಿದ ವರ್ಷ. ಹೇಳಿ ಮುಗಿಸಿ, ‘ಬ್ಯಾಂಕಿಗೂ ಇದೇ ಇಟ್ಟಿದೀನಿ, ಯಾರಿಗೂ ಹೇಳ್ಬೇಡಮ್ಮ’ ಅಂದರು. ‘ಇಲ್ಲ ಸರ್’ ಅಂದೆ. ಹೇಳಲೂ ಇಲ್ಲ. ಆದರೆ ಅದು ಇವತ್ತಿಗೂ ನನಗೆ ನೆನಪಿದೆ, ಮರೆಯಬೇಕೆಂದರೂ ಹೋಗುವುದಿಲ್ಲ. ನನ್ನನ್ನು ಇಷ್ಟು ನಂಬುತ್ತಾರಲ್ಲ ಎಂದು ಆಗ ಹೆಮ್ಮೆಯಾಗಿತ್ತು. ಅದು ಅವರು ಕೊಟ್ಟ ನಂಬಿಕೆಯೇ, ಬೇರೆ ದಾರಿಯಿಲ್ಲದೆ ಬಿಟ್ಟುಕೊಟ್ಟದ್ದೇ ಎಂದು ಈಗ ಕೇಳಿಕೊಳ್ಳುತ್ತೇನೆ. ಪಾಸ್‌ವರ್ಡ್ ತುಂಬುವ ಜಾಗ ಬಂದಾಗ ಫೋನನ್ನು ಅವರ ಕಡೆ ತಿರುಗಿಸಿ, ಮುಖ ಆಚೆ ಮಾಡಿಕೊಂಡಿದ್ದರೆ ಸಾಕಿತ್ತು.

ಇನ್ನೊಂದು ಕ್ಷಣವಿದೆ, ಅಲ್ಲಿ ನನ್ನ ಒಳಗು ನನಗೆ ಚೆನ್ನಾಗಿ ಕಾಣುತ್ತದೆ. ಎಲ್ಲ ತುಂಬಿ ನೆಕ್ಸ್ಟ್ ಒತ್ತಿದಾಗ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಫೋನು ತಡೆಯುತ್ತದೆ. ಸಣ್ಣ ಹೋಸ್ಟಿಂಗ್‌ಗಳಲ್ಲಿ ಇದು ಮಾಮೂಲಿ. ಒಂದೇ ಸರ್ವರಿನಲ್ಲಿ ಹಲವರ ಡೊಮೈನ್ ಇರುತ್ತದೆ. ನಾವು ಕೊಟ್ಟ ಸರ್ವರ್ ಹೆಸರು ನಮ್ಮ ಡೊಮೈನಿನದು, ಸರ್ಟಿಫಿಕೇಟಿನಲ್ಲಿರುವುದು ಹೋಸ್ಟಿಂಗ್‌ನವರದು. ಹೋಸ್ಟಿಂಗ್‌ನವರು ಕೊಟ್ಟಿರುವ ಸರ್ವರಿನ ಮೂಲ ಹೆಸರನ್ನೇ ಹಾಕಿದರೆ ಆಯಿತು. ಆದರೆ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಸೆಕ್ಯುರಿಟಿ ಪಟ್ಟಿಯೊಳಗೆ ಒಂದು ಸುಲಭದ ಸಾಲು ಇರುತ್ತದೆ, ಎಲ್ಲ ಸರ್ಟಿಫಿಕೇಟುಗಳನ್ನೂ ಒಪ್ಪಿಕೋ ಎನ್ನುವಂಥದು. ಒತ್ತಿದರೆ ತಡೆ ತಕ್ಷಣ ಹೋಗುತ್ತದೆ, ಮೇಲ್ ಬರತೊಡಗುತ್ತದೆ. ಜೊತೆಗೆ, ಆ ಕಡೆ ಇರುವುದು ನಿಜವಾಗಿ ನಮ್ಮ ಸರ್ವರೇ ಎಂದು ನೋಡುವ ಕೆಲಸವನ್ನು ಫೋನು ಕೈಬಿಡುತ್ತದೆ. ಬಸ್‌ಸ್ಟ್ಯಾಂಡಿನ ಬಿಟ್ಟಿ ವೈಫೈನಲ್ಲಿ ಯಾರಾದರೂ ನಡುವೆ ಕೂತರೆ ಪಾಸ್‌ವರ್ಡ್ ಅವರ ಕೈಗೆ ಹೋಗಬಹುದು, ಫೋನು ಒಂದು ಮಾತೂ ಹೇಳುವುದಿಲ್ಲ. ಇಷ್ಟು ಗೊತ್ತಿದ್ದೂ, ಎದುರಿಗೆ ಯಾರಾದರೂ ನಿಂತು ನೋಡುತ್ತಿದ್ದರೆ ಬೆರಳು ಆ ಸಾಲಿನ ಕಡೆ ಹೊರಡುತ್ತದೆ. ಒಬ್ಬಳೇ ಕೂತು ನನ್ನ ಫೋನಿಗೆ ಹಾಕಿಕೊಳ್ಳುವಾಗ ಹೊರಡುವುದಿಲ್ಲ. ಅವರ ಮೇಲಿಗಿಂತ ನನ್ನ ಹೆಸರಿನ ಚಿಂತೆ ನನಗೆ ಎಷ್ಟು ದೊಡ್ಡದು ಎಂದು ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ.

ಈ ವರ್ಷ ಒಂದು ಹಾಳೆ ಬರೆದು ಸ್ಟಾಫ್‌ರೂಮಿನ ಬೋರ್ಡಿಗೆ ಹಚ್ಚಿದ್ದೇನೆ. ಸರ್ವರಿನ ಸರಿಯಾದ ಹೆಸರು. ಐಮ್ಯಾಪ್‌ಗೆ 993, ಎಸ್‌ಎಂಟಿಪಿಗೆ 465, ಎರಡಕ್ಕೂ ಎಸ್‌ಎಸ್‌ಎಲ್. ಯೂಸರ್‌ನೇಮ್ ಅಂದರೆ ಪೂರ್ತಿ ಇಮೇಲ್ ವಿಳಾಸ. ಸರ್ಟಿಫಿಕೇಟ್ ತಕರಾರು ಬಂದರೆ ಏನು ಮಾಡಬಾರದು. ತಮ್ಮ ಜಿಮೇಲನ್ನು ಬೇರೆ ಆ್ಯಪಿಗೆ ಹಾಕಿಕೊಳ್ಳುವವರಿಗೂ ಎರಡು ಸಾಲು ಸೇರಿಸಿದೆ. ಗೂಗಲ್ 2022ರ ಮೇ ಕೊನೆಯಲ್ಲಿ ಬರೀ ಪಾಸ್‌ವರ್ಡಿನಿಂದ ಒಳಬಿಡುವುದನ್ನು ನಿಲ್ಲಿಸಿತು. ಆ್ಯಪಿನಲ್ಲಿ ಗೂಗಲ್‌ನ ಸೈನ್ ಇನ್ ಪುಟ ತೆರೆಯದಿದ್ದರೆ, ಎರಡು ಹಂತದ ಪರಿಶೀಲನೆ ಹಾಕಿಕೊಂಡು ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಇದು ಗೊತ್ತಿಲ್ಲದೆ ಪಾಸ್‌ವರ್ಡೇ ಮರೆತಿದ್ದೇವೆ ಎಂದು ಕೊರಗಿದವರನ್ನು ನೋಡಿದ್ದೇನೆ.

ಹಾಳೆ ಹಚ್ಚಿದ ಮೇಲೆ ನನ್ನ ಮೇಜಿಗೆ ಬರುವವರು ಕಡಿಮೆಯಾದರು. ಬಯಸಿದ್ದೂ ಅದೇ. ಆದರೂ ಅದೇ ಹಿರಿಯ ಉಪನ್ಯಾಸಕರು ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಮೇಲ್ ಹಾಕಿಕೊಳ್ಳುವುದು ಹೇಳಿಕೊಡುತ್ತಿದ್ದುದು ಕಿವಿಗೆ ಬಿದ್ದಾಗ ಎದೆಯಲ್ಲಿ ಚುರುಕ್ ಎಂದಿತು. ಎದ್ದು ಹೋಗಿ ‘ಕೊಡಿ ಇಲ್ಲಿ’ ಅನ್ನಬೇಕೆನಿಸಿತು. ಆ ಆಸೆ ಹೋಗಿಲ್ಲ, ಹೋಗುತ್ತದೆಂಬ ಭರವಸೆಯೂ ನನಗಿಲ್ಲ.

ಅವಳದು ಐಫೋನ್. ಮೇಲ್ ಬರುತ್ತಿದೆ, ಹೋಗುತ್ತಿಲ್ಲ. ಅವರಿಬ್ಬರೇ ಕೂತು ಹುಡುಕಿದರು. ಔಟ್‌ಗೋಯಿಂಗ್ ಸರ್ವರಿನ ಕೆಳಗೆ ಯೂಸರ್‌ನೇಮ್, ಪಾಸ್‌ವರ್ಡ್ ಜಾಗದಲ್ಲಿ ‘ಆಪ್ಷನಲ್’ ಎಂದಿತ್ತಂತೆ, ಅದಕ್ಕೆ ಖಾಲಿ ಬಿಟ್ಟಿದ್ದಳು. ಕಳಿಸುವುದಕ್ಕೂ ನಮ್ಮ ಸರ್ವರ್ ಲಾಗಿನ್ ಕೇಳುತ್ತದೆ. ಅಲ್ಲಿಯೂ ತುಂಬಿದ ಮೇಲೆ ಹೋಯಿತು. ಸರ್ ಕಚೇರಿಗೆ ಬಂದು, ‘ನಿನ್ನ ಹಾಳೇಲಿ ಇದಿಲ್ಲ ನೋಡಮ್ಮ, ಸೇರಿಸು’ ಅಂದರು. ಬಾಯಲ್ಲಿ ಹೇಳಿದರು, ನಾನು ಪೆನ್ನು ತೆಗೆದು ಬರೆದುಕೊಂಡೆ.